ತಪ್ಪಿಲ್ಲದವನ ತಾಪತ್ರಯ

ತಪ್ಪು ಮಾಡಿದವನು ದಂಡ ತೆರಬೇಕು, ತಪ್ಪಿಲ್ಲದವನು ನೆಮ್ಮದಿಯಿಂದ ಮನೆಗೆ ಮರಳಬೇಕು ಎಂಬುದು ನೀತಿಯ ಮಾತು. ಆದರೆ ಮೋಟಾರು ರಸ್ತೆಯ ಮೇಲೆ ಈ ನೀತಿ ತಲೆಕೆಳಗಾಗುವುದನ್ನು ಕಾಣದವರು ವಿರಳ. ಡಿಕ್ಕಿ ಹೊಡೆದವನು ಕೈ ಮುಗಿದು ಹೊರಟುಹೋಗುತ್ತಾನೆ. ಹೊಡೆಸಿಕೊಂಡವನು ಠಾಣೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ವಿಮಾ ಕಚೇರಿಗೆ, ಅಲ್ಲಿಂದ ವಕೀಲರ ಮನೆಗೆ ಅಲೆಯುತ್ತಾನೆ. ‘ತಪ್ಪು ನನ್ನದಲ್ಲವಲ್ಲ, ನನಗೇಕೆ ಈ ಶಿಕ್ಷೆ?’ ಎಂಬ ಅವನ ಪ್ರಶ್ನೆಗೆ ಉತ್ತರ ಕೊಡುವವರಿಲ್ಲ. ಆದರೂ ಪರಿಹಾರಕ್ಕೆ ದಾರಿಯುಂಟು. ಆ ದಾರಿಯ ಮೊದಲ ಹೆಜ್ಜೆಯನ್ನು ಅಪಘಾತ ನಡೆದ ಗಳಿಗೆಯಲ್ಲಿಯೇ ಇಡಬೇಕು.

ಹೀಗೊಂದು ಪ್ರಸಂಗವನ್ನು ಓದುಗರು ಭಾವಿಸಿಕೊಳ್ಳಬಹುದು. ಮೂಡಬಿದಿರೆಯಲ್ಲಿ ನೆಲೆಸಿರುವ ನಿವೃತ್ತ ಮಾಸ್ತರರೊಬ್ಬರು ಪತ್ನೀಸಮೇತರಾಗಿ ಬೆಳ್ತಂಗಡಿಯ ಮದುವೆಯೊಂದಕ್ಕೆ ಹೊರಟಿದ್ದಾರೆ. ಕಾರಿಗೆ ನಾಲ್ಕೂವರೆ ವರ್ಷ ವಯಸ್ಸು; ಇಂದಿನವರೆಗೆ ಅದರ ಮೈಗೆ ಒಂದು ಗೀರು ತಾಗಿಲ್ಲ. ಮಳೆಗಾಲದ ಆರಂಭ. ವೇಣೂರು ದಾಟಿ ಗುರುವಾಯನಕೆರೆಗೆ ಬಂದು, ಹೆದ್ದಾರಿಯ ವಾಹನಗಳು ದಾಟಿಹೋಗಲೆಂದು ಕೂಡುದಾರಿಯಲ್ಲಿ ಕಾರು ನಿಲ್ಲಿಸಿದ್ದಾರೆ. ಹಿಂದಿನಿಂದ ತೆಂಗಿನಕಾಯಿ ಹೇರಿಕೊಂಡು ಬಂದ ಪಿಕಪ್ ವಾಹನವೊಂದು ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿಯದೆ ಜಾರಿ, ನಿಂತ ಕಾರಿಗೆ ಬಡಿಯಿತು. ಬಂಪರು ಒಡೆಯಿತು, ಹಿಂಬಾಗಿಲು ನಜ್ಜುಗುಜ್ಜಾಯಿತು, ಗಾಜು ಪುಡಿಯಾಯಿತು. ದೇವರ ದಯೆ, ಯಾರಿಗೂ ಗಾಯವಾಗಲಿಲ್ಲ.

ಪಿಕಪ್ಪಿನಿಂದ ಇಳಿದು ಬಂದವನು ಇಪ್ಪತ್ತೆರಡರ ಹುಡುಗ. ಮುಖದಲ್ಲಿ ರಕ್ತವಿಲ್ಲ. “ಸ್ವಾಮೀ, ತಪ್ಪು ನನ್ನದೇ. ಗಾಡಿ ಬಂಟ್ವಾಳದ ಧಣಿಗಳದ್ದು. ಅವರಿಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ಕಿಸೆಯಲ್ಲಿ ಎರಡು ಸಾವಿರ ಉಂಟು. ತೆಗೆದುಕೊಳ್ಳಿ, ಇಲ್ಲಿಗೇ ಮುಗಿಸುವ” ಎಂದು ಅಂಗಲಾಚಿದ. ನೆರೆದ ಜನರಲ್ಲಿ ಒಬ್ಬರು, “ಸ್ಟೇಷನ್ನು ಯಾಕೆ ಮಾರಾಯರೆ, ಕಾರು ಅಲ್ಲಿಯೇ ತುಕ್ಕು ಹಿಡಿದೀತು” ಎಂದು ಬುದ್ಧಿ ಹೇಳಿದರು. ಮಾಸ್ತರರ ಪತ್ನಿಯೂ, “ಪಾಪ, ನಮ್ಮ ಮಗನ ಪ್ರಾಯದವ, ಬಿಟ್ಟುಬಿಡಿ” ಎಂದರು.

ಇಲ್ಲಿಯೇ ಹೆಚ್ಚಿನವರು ಸೋಲುವುದು. ಕರುಣೆಯಿಂದಲೋ ಅವಸರದಿಂದಲೋ ಎರಡು ಸಾವಿರ ಹಿಡಿದುಕೊಂಡು ಹೊರಟುಬಿಟ್ಟರೆ ಮರುದಿನ ಗ್ಯಾರೇಜಿನಲ್ಲಿ ಐವತ್ತು ಸಾವಿರದ ಅಂದಾಜುಪಟ್ಟಿ ಕೈಗೆ ಬರುತ್ತದೆ. ಆಗ ಹುಡುಗನೂ ಇಲ್ಲ, ಸಾಕ್ಷಿಯೂ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಕಥೆ ಅದು.

ಕರುಣೆ ತೋರಬಾರದೆಂದಲ್ಲ. ಆದರೆ ಈ ಸಂದರ್ಭದಲ್ಲಿ ಹುಡುಗನ ಕಿಸೆಗೆ ಕೈ ಹಾಕುವುದೇ ಅನ್ಯಾಯ. ಕೆಲಸದಲ್ಲಿದ್ದ ಚಾಲಕನ ಅಜಾಗರೂಕತೆಯಿಂದ ಆದ ನಷ್ಟಕ್ಕೆ ವಾಹನದ ಒಡೆಯನೂ ಹೊಣೆ ಎಂಬುದು ಕಾನೂನು. ಒಡೆಯನ ಹೊಣೆಯನ್ನು ಹೊರಲೆಂದೇ ವಿಮಾ ಕಂಪನಿಯಿದೆ. ಇದು ನಿನ್ನೆ ಮೊನ್ನೆಯ ಏರ್ಪಾಡಲ್ಲ. 1939ರ ಮೋಟಾರು ವಾಹನ ಕಾಯಿದೆಯ ವಿಮಾ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂದಾಗ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳೆಲ್ಲ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ಮೂರನೆಯವರ ನಷ್ಟದ ವಿಮೆ ಇರಬೇಕೆಂಬ ಕಟ್ಟುಪಾಡು ಅಂದಿನಿಂದ ಬಂದದ್ದು. 1989ರ ಜುಲೈ 1ರಿಂದ ಜಾರಿಯಲ್ಲಿರುವ 1988ರ ಕಾಯಿದೆಯೂ ಅದನ್ನೇ ವಿಧಿಸುತ್ತದೆ. ವಿಮೆಯಿಲ್ಲದೆ ವಾಹನ ನಡೆಸಿದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡವುಂಟು, ಸೆರೆವಾಸವನ್ನೂ ವಿಧಿಸಬಹುದು.

ಮಾಸ್ತರರು ಹಣ ಮುಟ್ಟಲಿಲ್ಲ, ಕೋಪವನ್ನೂ ತೋರಲಿಲ್ಲ. ಪಾಠದ ಟಿಪ್ಪಣಿ ಬರೆದು ಅಭ್ಯಾಸವಿದ್ದ ಅವರು ಮಾಡಿದ್ದು ಬರವಣಿಗೆಯ ಕೆಲಸ. ವಾಹನಗಳನ್ನು ಅಲುಗಿಸುವ ಮುನ್ನ ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆದರು: ಎರಡೂ ವಾಹನಗಳು ಒಟ್ಟಿಗೆ ಕಾಣುವಂತೆ ದೂರದಿಂದ, ಪೆಟ್ಟು ಬಿದ್ದ ಭಾಗ ಹತ್ತಿರದಿಂದ, ಎರಡೂ ನಂಬರು ಫಲಕಗಳು, ರಸ್ತೆಯ ಮೇಲೆ ಉಳಿದ ಟಯರಿನ ಗುರುತು, ಕೂಡುದಾರಿಯ ನಾಮಫಲಕ. ಚಾಲಕನ ಲೈಸೆನ್ಸು, ಪಿಕಪ್ಪಿನ ನೋಂದಣಿ ಪತ್ರ, ವಿಮಾ ಪಾಲಿಸಿ ಇವುಗಳ ಚಿತ್ರಗಳನ್ನೂ ತೆಗೆದುಕೊಂಡರು. ಅಪಘಾತದಲ್ಲಿ ನಷ್ಟಕ್ಕೊಳಗಾದವನಿಗೆ ಈ ವಿವರಗಳನ್ನು ತಿಳಿಯುವ ಹಕ್ಕಿದೆ. ಎದುರಿನವನು ಕೊಡದಿದ್ದರೆ ಪೊಲೀಸರಿಂದಲೋ ಸಾರಿಗೆ ಕಚೇರಿಯಿಂದಲೋ ಪಡೆಯಬಹುದು. ಸರ್ಕಾರದ ಎಂ-ಪರಿವಾಹನ್ ವ್ಯವಸ್ಥೆಯಲ್ಲಿ ವಾಹನದ ಸಂಖ್ಯೆ ಹಾಕಿದರೆ ವಿಮೆಯ ಅವಧಿ ಎಂದಿನವರೆಗೆ ಇದೆ ಎಂಬುದೂ ತಿಳಿಯುತ್ತದೆ. ಕೊನೆಯಲ್ಲಿ, ಘಟನೆಯನ್ನು ಕಂಡ ಅಂಗಡಿಕಾರರ ಹೆಸರನ್ನೂ ಫೋನ್ ನಂಬರನ್ನೂ ಕೇಳಿ ಬರೆದುಕೊಂಡರು. ಇದೆಲ್ಲಕ್ಕೆ ಹಿಡಿದದ್ದು ಹದಿನೈದು ನಿಮಿಷ.

ಮುಂದಿನ ಪ್ರಶ್ನೆ ಠಾಣೆಯದು. ಮಾಸ್ತರರ ಮನೆ ಮೂಡಬಿದಿರೆಯಲ್ಲಿ. ಅಲ್ಲಿಯ ಠಾಣೆ ಮಂಗಳೂರು ನಗರ ಪೊಲೀಸ್ ಕಮಿಷನರರ ಆಡಳಿತಕ್ಕೆ ಸೇರಿದ್ದು. ಅಪಘಾತ ನಡೆದದ್ದು ಬೆಳ್ತಂಗಡಿ ತಾಲೂಕಿನಲ್ಲಿ. ಅದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ವ್ಯಾಪ್ತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಪೊಲೀಸರು ತಾವಾಗಿ ತನಿಖೆಗೆ ಇಳಿಯಬಹುದಾದ ಅಪರಾಧದ ವರ್ತಮಾನವನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಆದರೂ ಸ್ಥಳದ ಠಾಣೆಗೇ ಹೋಗುವುದು ಜಾಣತನ. ಮಹಜರು ಮಾಡಬೇಕಾದವರು ಅವರೇ. ಮನೆಗೆ ಹೋಗಿ ಊಟ ಮಾಡಿ ಮರುದಿನ ನೋಡೋಣವೆಂದರೆ ವಿಳಂಬಕ್ಕೆ ಕಾರಣ ಹೇಳುತ್ತ ಕೂರಬೇಕಾಗುತ್ತದೆ.

ಈ ಹಂತದಲ್ಲಿ ಮಾಸ್ತರರ ಮನಸ್ಸು ಹಿಂಜರಿದದ್ದು ಸಹಜ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಲ್ಲಿ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ 1,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶವಿದೆ. ಹುಡುಗನಿಗೆ ಕಷ್ಟ ತಂದೊಡ್ಡುವ ಮನಸ್ಸು ಅವರಿಗಿಲ್ಲ. ಸುಳ್ಳು ಬರೆದು ಅವನನ್ನು ಉಳಿಸುವ ಮನಸ್ಸೂ ಇಲ್ಲ. ಅವರು ಅರ್ಜಿಯಲ್ಲಿ ಒಂದು ವಿಶೇಷಣವನ್ನೂ ಬಳಸಲಿಲ್ಲ. ದಿನಾಂಕ, ವೇಳೆ, ಸ್ಥಳ, ನಿಂತ ಕಾರಿಗೆ ಹಿಂದಿನಿಂದ ತಾಗಿದ ವಾಹನದ ಸಂಖ್ಯೆ, ಆದ ಹಾನಿ, ಯಾರಿಗೂ ಗಾಯವಿಲ್ಲವೆಂಬ ಮಾತು ಇಷ್ಟನ್ನೇ ಬರೆದು ಕೊಟ್ಟು ಠಾಣೆಯ ಸ್ವೀಕೃತಿ ಪತ್ರ ಪಡೆದರು. ಗಾಯಾಳುಗಳಿಲ್ಲದ ಸಣ್ಣ ಪ್ರಕರಣದಲ್ಲಿ ಸ್ವಂತ ಪಾಲಿಸಿಯಿಂದ ಹಣ ಪಡೆಯಲು ಎಫ್.ಐ.ಆರ್. ಬೇಕೆಂದು ಕಂಪನಿಗಳು ಸಾಮಾನ್ಯವಾಗಿ ಹಟ ಹಿಡಿಯುವುದಿಲ್ಲ. ಆದರೆ ಎದುರಿನವನ ಮೇಲೆ ಪರಿಹಾರ ಕೇಳುವುದಾದರೆ ಪೊಲೀಸ್ ದಾಖಲೆಯೇ ಆಧಾರಸ್ತಂಭ.

ಇನ್ನು ಹಣದ ವಿಚಾರ. ‘ತಪ್ಪು ಅವನದು, ಅವನ ಇನ್ಶೂರೆನ್ಸಿನಿಂದಲೇ ನನ್ನ ಕಾರು ರಿಪೇರಿಯಾಗಬೇಕು’ ಎಂದು ಪಟ್ಟು ಹಿಡಿಯುವವರು ಬಹಳ. ನ್ಯಾಯದ ದೃಷ್ಟಿಯಿಂದ ಅದು ಸರಿ. ವ್ಯವಹಾರದಲ್ಲಿ ಅದು ದೂರದ ದಾರಿ. ಎದುರಿನವನ ಕಂಪನಿಯು ಪೆಟ್ಟು ತಿಂದವನೊಡನೆ ಕರಾರು ಮಾಡಿಕೊಂಡಿಲ್ಲ. ಅದರಿಂದ ಹಣ ಬರಬೇಕಾದರೆ ಸಾಮಾನ್ಯವಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ತೀರ್ಪು ಬೇಕಾಗುತ್ತದೆ. ಅಷ್ಟರವರೆಗೆ ಕಾರು ಅಂಗಳದಲ್ಲಿ ನಿಂತಿದ್ದರೆ ಹಿಂಬಾಗಿಲಿನೊಳಗೆ ಮಳೆನೀರು ತುಂಬೀತು. ಸ್ವಂತ ಪಾಲಿಸಿಯಲ್ಲಿ ಸ್ವಂತ ಹಾನಿಯ ರಕ್ಷಣೆಯಿದ್ದರೆ ಮೊದಲು ಅದರಿಂದ ಕಾರನ್ನು ದುರಸ್ತಿ ಮಾಡಿಸಿಕೊಂಡು, ಕೈಬಿಟ್ಟ ಹಣವನ್ನು ಮಾತ್ರ ಎದುರಿನವನಿಂದ ಕೇಳುವುದೇ ವಿವೇಕ. ಕಂಪನಿ ತಾನು ತೆತ್ತ ಹಣದ ಮಟ್ಟಿಗೆ ಪಾಲಿಸಿದಾರನ ಸ್ಥಾನದಲ್ಲಿ ನಿಂತು ತಪ್ಪಿತಸ್ಥನಿಂದ ವಸೂಲು ಮಾಡಿಕೊಳ್ಳಬಹುದು; ಅದು ಅದರ ಪಾಡು. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಪಡೆಯುವಂತಿಲ್ಲವೆಂಬುದನ್ನು ಮಾತ್ರ ಮರೆಯಬಾರದು.

ಕೇವಲ ಮೂರನೆಯವರ ವಿಮೆ ಮಾಡಿಸಿಕೊಂಡವರಿಗೆ ಈ ಹತ್ತಿರದ ದಾರಿಯಿಲ್ಲ. ಅವರ ಕಂಪನಿ ಅವರ ಸ್ವಂತ ಕಾರಿಗೆ ಬಿಡಿಗಾಸು ಕೊಡುವುದಿಲ್ಲ. ಅವರಿಗೆ ನ್ಯಾಯಮಂಡಳಿಯೇ ಗತಿ. ಡಿಕ್ಕಿ ಹೊಡೆದವನು ಗುರುತು ಸಿಗದೆ ಓಡಿಹೋದರೂ ಕಷ್ಟ. ಹಾಗೆ ಓಡಿಹೋದ ವಾಹನಗಳಿಂದ ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಗೊಂಡವರಿಗೆ 50,000 ರೂಪಾಯಿ ಕೊಡುವ ಏರ್ಪಾಡು 2022ರ ಏಪ್ರಿಲ್ 1ರಿಂದ ಇದೆ. ಜಖಂಗೊಂಡ ಕಾರಿಗೆ ಅದರಲ್ಲಿ ಪಾಲಿಲ್ಲ.

ಮಾಸ್ತರರು ಅದೇ ಸಂಜೆ ತಮ್ಮ ಕಂಪನಿಗೆ ಸುದ್ದಿ ಮುಟ್ಟಿಸಿದರು. ಗ್ಯಾರೇಜಿನವನು ಉತ್ಸಾಹದಿಂದ ಸ್ಪಾನರು ಕೈಗೆತ್ತಿಕೊಂಡಾಗ ತಡೆದರು. ಕಂಪನಿಯ ಸರ್ವೆಯರು ಕಾಣುವ ಮುಂಚೆ ಒಂದು ಬೋಲ್ಟನ್ನೂ ಬಿಚ್ಚಬಾರದು. ಬಿಚ್ಚಿದರೆ ಹಾನಿ ಅಪಘಾತದಿಂದ ಆದದ್ದೋ ಗ್ಯಾರೇಜಿನಲ್ಲಿ ಆದದ್ದೋ ಎಂಬ ವಾದಕ್ಕೆ ಎಡೆಯಾಗುತ್ತದೆ. ಬಿಚ್ಚಿದ ಮೇಲೆ ಒಳಗೆ ಬೇರೆ ಹಾನಿ ಕಂಡರೆ ಪೂರಕ ಪಟ್ಟಿ ಕೊಟ್ಟು ಸರ್ವೆಯರಿಗೆ ಮತ್ತೊಮ್ಮೆ ತೋರಿಸಬೇಕು. ಕಳಚಿದ ಹಳೆಯ ಭಾಗಗಳನ್ನು ಲೆಕ್ಕ ಮುಗಿಯುವವರೆಗೆ ಎಸೆಯಬಾರದು. “ಮಾಸ್ಟ್ರೇ, ಮುಂದಿನ ಬಾಗಿಲಿನ ಬಣ್ಣವೂ ಮಾಸಿದೆ, ಇದರೊಟ್ಟಿಗೆ ಸೇರಿಸುವನಾ?” ಎಂದು ಗ್ಯಾರೇಜಿನವನು ಕೇಳಿದ. ಮಾಸ್ತರರು ಒಪ್ಪಲಿಲ್ಲ. ಆಗದ ಹಾನಿಯನ್ನು ಸೇರಿಸಿದರೆ ಆದ ಹಾನಿಯ ಹಣಕ್ಕೂ ಸಂಚಕಾರ ಬರುತ್ತದೆ. ತಪ್ಪಿಲ್ಲದವನು ಆ ಕ್ಷಣದಲ್ಲಿ ತಪ್ಪಿತಸ್ಥನಾಗುತ್ತಾನೆ.

ದುರಸ್ತಿಯ ಲೆಕ್ಕ ಹೀಗೆ ಬಂದಿತೆಂದು ಇಟ್ಟುಕೊಳ್ಳಬಹುದು: ಬಂಪರು 8,000, ಹಿಂಬಾಗಿಲು 14,000, ಹಿಂದಿನ ದೀಪ 4,000, ಗಾಜು 6,000, ಟಿಂಕರಿಂಗ್ ಮತ್ತು ಕೂಲಿ 7,000, ಬಣ್ಣ 12,000, ಒಟ್ಟು 51,000 ರೂಪಾಯಿ. ಇಷ್ಟೂ ಕಂಪನಿಯಿಂದ ಬರುವುದಿಲ್ಲ. ಹಳೆಯ ಭಾಗದ ಬದಲು ಹೊಸದು ಬಂದಾಗ ಸವಕಳಿಯನ್ನು ಕಳೆಯುವುದು ಪದ್ಧತಿ. ಬಹುತೇಕ ಪಾಲಿಸಿಗಳಲ್ಲಿ ಅಚ್ಚಾಗಿರುವ ಪಟ್ಟಿಯ ಪ್ರಕಾರ ಪ್ಲಾಸ್ಟಿಕ್, ರಬ್ಬರು ಭಾಗಗಳಿಗೆ ಅರ್ಧ, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಕ್ಕೆ ವಾಹನದ ವಯಸ್ಸಿನಂತೆ ಕಡಿತ, ನಾಲ್ಕರಿಂದ ಐದು ವರ್ಷದ ಕಾರಿಗೆ ಅದು ಶೇಕಡ 35. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯೆಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ. ಈ ರೀತಿ ಬಂಪರಿನಲ್ಲಿ 4,000, ಬಾಗಿಲಿನಲ್ಲಿ 4,900, ದೀಪದಲ್ಲಿ 2,000, ಬಣ್ಣದಲ್ಲಿ 1,500 ಹೋಗಿ, 1,500 ಸಿ.ಸಿ.ವರೆಗಿನ ಕಾರಿಗೆ ಪಾಲಿಸಿದಾರನೇ ಕಡ್ಡಾಯವಾಗಿ ಹೊರಬೇಕಾದ 1,000 ರೂಪಾಯಿಯೂ ಹೋಗುತ್ತದೆ. ಕಂಪನಿಯ ಪಾಲು 37,600. ಮಾಸ್ತರರ ಪಾಲು 13,400. ಸವಕಳಿ ಕಳೆಯದ ವಿಶೇಷ ರಕ್ಷಣೆಗೆ ಮೊದಲೇ ಹೆಚ್ಚಿನ ಕಂತು ಕಟ್ಟಿದವರಿಗೆ ಈ ಕಡಿತದ ಬಹುಭಾಗ ತಪ್ಪುತ್ತದೆ.

ಇದರ ಜೊತೆಗೆ ಕಣ್ಣಿಗೆ ಬೀಳದ ಇನ್ನೊಂದು ನಷ್ಟವಿದೆ. ಕ್ಲೈಮು ಮಾಡದೆ ವರ್ಷ ಕಳೆದವರಿಗೆ ಸ್ವಂತ ಹಾನಿಯ ಕಂತಿನಲ್ಲಿ ‘ನೋ ಕ್ಲೈಮ್ ಬೋನಸ್’ ಎಂಬ ರಿಯಾಯಿತಿಯುಂಟು: ಮೊದಲ ವರ್ಷಕ್ಕೆ ಶೇಕಡ 20, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50. ತಪ್ಪು ಯಾರದೇ ಇರಲಿ, ಸ್ವಂತ ಪಾಲಿಸಿಯಿಂದ ಹಣ ಪಡೆದರೆ ರಿಯಾಯಿತಿ ಸಾಮಾನ್ಯವಾಗಿ ಸೊನ್ನೆಗಿಳಿಯುತ್ತದೆ. ಮಾಸ್ತರರಿಗೆ ಮುಂದಿನ ವರ್ಷ ಶೇಕಡ 50 ಸಿಗಬೇಕಾಗಿತ್ತು. ಮೂಲ ಕಂತು 9,000 ರೂಪಾಯಿಯೆಂದೂ ಅದು ಬದಲಾಗುವುದಿಲ್ಲವೆಂದೂ ಭಾವಿಸಿದರೆ, ಸೊನ್ನೆಯಿಂದ ಮತ್ತೆ 50ಕ್ಕೆ ಏರುವ ಐದು ವರ್ಷಗಳಲ್ಲಿ ಆಗುವ ನಷ್ಟ ಕ್ರಮವಾಗಿ 4,500, 2,700, 2,250, 1,350, 450, ಒಟ್ಟು 11,250. ಬರುವ 37,600ರ ಮುಂದೆ ಇದು ಸಣ್ಣದು. ಆದ್ದರಿಂದ ಕ್ಲೈಮು ಮಾಡುವುದೇ ಲಾಭ. ದುರಸ್ತಿಗೆ ಹತ್ತು ಸಾವಿರದ ಒಳಗೆ ಮುಗಿಯುವಂತಿದ್ದರೆ ಕ್ಲೈಮು ಮಾಡದಿರುವುದೇ ಲಾಭ. ಹೀಗೆ ಲೆಕ್ಕ ಹಾಕದೆ ಅರ್ಜಿ ಬರೆಯುವವರೂ, ಲೆಕ್ಕ ಹಾಕದೆ ಸುಮ್ಮನಾಗುವವರೂ ಸಮಾನವಾಗಿ ನಷ್ಟ ಹೊಂದುತ್ತಾರೆ.

ಕಾರು ಹನ್ನೆರಡು ದಿನಗಳಲ್ಲಿ ಮನೆಗೆ ಬಂದಿತು. ಉಳಿದದ್ದು 13,400 ರೂಪಾಯಿಯ ಮಾತು. ಅಪಘಾತದ ದಿನ ಬಂಟ್ವಾಳದ ಧಣಿಗಳು ಫೋನಿನಲ್ಲಿ, “ಬಿಲ್ಲು ಕಳಿಸಿ ಮಾಸ್ಟ್ರೇ, ನಾನು ಕೊಡ್ತೇನೆ” ಎಂದು ಧಾರಾಳವಾಗಿ ಹೇಳಿದ್ದರು. ಬಿಲ್ಲು ಹೋದ ಮೇಲೆ ಫೋನು ಎತ್ತುವುದನ್ನೇ ನಿಲ್ಲಿಸಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಇಂಥ ಸಂದರ್ಭಕ್ಕೆ ನ್ಯಾಯಮಂಡಳಿಯುಂಟು. ಸಾವುನೋವುಗಳ ಪರಿಹಾರಕ್ಕೆ ಮಾತ್ರ ಅದು ಇರುವುದೆಂದು ಹಲವರು ತಿಳಿದಿದ್ದಾರೆ. ಸ್ವತ್ತಿನ ಹಾನಿಗೂ ಅಲ್ಲಿ ಅರ್ಜಿ ಹಾಕಬಹುದು. ಅಪಘಾತ ನಡೆದ ಸ್ಥಳ, ಅರ್ಜಿದಾರನು ವಾಸಿಸುವ ಊರು, ಎದುರುಪಕ್ಷದವನು ವಾಸಿಸುವ ಊರು ಇವುಗಳಲ್ಲಿ ಯಾವುದರ ಮೇಲೆ ಅಧಿಕಾರವಿರುವ ನ್ಯಾಯಮಂಡಳಿಗಾದರೂ ಹೋಗಬಹುದು. ಆದುದರಿಂದ ಮೂಡಬಿದಿರೆಯವನು ಬಂಟ್ವಾಳದವನ ಬೆನ್ನು ಹತ್ತಿ ಅಲೆಯಬೇಕಾಗಿಲ್ಲ. ಕಂಪನಿ ಕೊಡದೆ ಬಿಟ್ಟ ಹಣವನ್ನೂ, ಕಾರಿಲ್ಲದ ದಿನಗಳಲ್ಲಿ ತೆತ್ತ ಬಾಡಿಗೆಯನ್ನೂ ರಸೀದಿಗಳೊಂದಿಗೆ ಕೇಳಬಹುದು. ಆದರೆ 2022ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಅರ್ಜಿಗೆ ಆರು ತಿಂಗಳ ಗಡುವನ್ನು ವಿಧಿಸಿದೆ. ‘ನಾಳೆ ಕೊಟ್ಟಾರು’ ಎಂದು ಕಾಯುತ್ತ ಕುಳಿತವರು ಅದನ್ನು ದಾಟಿಬಿಡುವ ಅಪಾಯವಿದೆ. ದ್ವಿಚಕ್ರ ವಾಹನಗಳನ್ನು ಬಿಟ್ಟು ಉಳಿದವುಗಳ ಪಾಲಿಸಿಯಲ್ಲಿ ಮೂರನೆಯವರ ಸ್ವತ್ತಿನ ಹಾನಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ರಕ್ಷಣೆಯಿರುತ್ತದೆ. ಕಂತು ಉಳಿಸಲು ಅದನ್ನು 6,000 ರೂಪಾಯಿಗೆ ಇಳಿಸಿಕೊಂಡ ಮಾಲಕರೂ ಉಂಟು. ಆಗ ಮಿಕ್ಕ ಹಣ ಮಾಲಕನ ತಲೆಯ ಮೇಲೆಯೇ ಬೀಳುತ್ತದೆ. ಕೋರ್ಟು ಕಚೇರಿಯೆಂದರೆ ಅಂಜುವವರಿಗೆ ಲೋಕ ಅದಾಲತಿನ ದಾರಿಯಿದೆ. ಅಲ್ಲಿ ಒಪ್ಪಿ ಮುಗಿಸಿದ ಪ್ರಕರಣಕ್ಕೆ ಮೇಲ್ಮನವಿಯಿಲ್ಲ.

ಸ್ವಂತ ಕಂಪನಿಯೇ ಸತಾಯಿಸಿದರೆ ಏನು ಮಾಡಬೇಕು? ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ನರಿಗೆ ದೂರು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ.

ಮಾಸ್ತರರು ನ್ಯಾಯಮಂಡಳಿಯ ಮೆಟ್ಟಿಲು ಹತ್ತುವ ಪ್ರಮೇಯ ಬರಲಿಲ್ಲ. ಧಣಿಗಳಿಗೂ ಅವರ ವಿಮಾ ಕಂಪನಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳುಹಿಸಿದರು. ಅದರಲ್ಲಿ ಬೆದರಿಕೆಯ ಮಾತು ಒಂದೂ ಇರಲಿಲ್ಲ. ಗುರುವಾಯನಕೆರೆಯ ಚಿತ್ರಗಳು, ಠಾಣೆಯ ಸ್ವೀಕೃತಿ, ಗ್ಯಾರೇಜಿನ ಬಿಲ್ಲು, ಕಂಪನಿ ಕೊಟ್ಟದ್ದರ ಮತ್ತು ಕೊಡದಿದ್ದುದರ ಪಟ್ಟಿ, ಆರು ತಿಂಗಳು ತುಂಬುವ ತಾರೀಕು ಇವಿಷ್ಟೇ ಇದ್ದವು. ಧಣಿಗಳು ಪತ್ರವನ್ನು ಎರಡು ಸಲ ಓದಿದರು. ಅಲ್ಲಗಳೆಯಲು ಒಂದು ಸಾಲೂ ಸಿಗಲಿಲ್ಲ. ಮುಂದಿನ ಭಾನುವಾರ ಬಂಟ್ವಾಳದಿಂದ ಸಿದ್ಧಕಟ್ಟೆಯ ದಾರಿಯಾಗಿ ಮೂಡಬಿದಿರೆಗೆ ಬಂದು ಮಾಸ್ತರರ ಜಗಲಿಯಲ್ಲಿ ಕುಳಿತರು. ಪಿಕಪ್ಪಿನ ಹುಡುಗನೇ ಗಾಡಿ ನಡೆಸಿಕೊಂಡು ಬಂದಿದ್ದ. ಅವನ ಕೆಲಸ ಹೋಗಿರಲಿಲ್ಲ.

ಹಣ ಪಡೆದ ಮಾಸ್ತರರು ರಸೀದಿಯಲ್ಲಿ ‘ವಿಮಾ ಕಂಪನಿ ಕೊಡದೆ ಉಳಿದ 13,400 ರೂಪಾಯಿ ಸಂದಿದೆ’ ಎಂದಷ್ಟೇ ಬರೆದರು. “ಇನ್ನು ಯಾವ ಬಾಕಿಯೂ ಇಲ್ಲವೆಂದು ಸೇರಿಸಿ” ಎಂದು ಧಣಿಗಳು ಕೇಳಿದಾಗ ಒಪ್ಪಲಿಲ್ಲ. ತಮ್ಮ ಕಂಪನಿ ತೆತ್ತ 37,600ನ್ನು ಧಣಿಗಳಿಂದ ಕೇಳುವ ಹಕ್ಕು ಕಂಪನಿಯದು; ಅದನ್ನು ಬಿಟ್ಟುಕೊಡಲು ಮಾಸ್ತರರಿಗೆ ಅಧಿಕಾರವಿಲ್ಲ. ಬಿಟ್ಟುಕೊಟ್ಟರೆ ಕಂಪನಿಯೊಡನೆ ತಾವೇ ಕರಾರು ಮುರಿದಂತಾಗುತ್ತದೆ. ತಪ್ಪಿಲ್ಲದವನು ಕೊನೆಯ ಸಾಲಿನಲ್ಲಿಯೂ ಎಚ್ಚರ ತಪ್ಪಬಾರದೆಂಬುದಕ್ಕೆ ಇದೇ ನಿದರ್ಶನ.

ಮಾಸ್ತರರ ಪತ್ನಿ ಮೂವರಿಗೂ ಕಾಫಿ ತಂದಿಟ್ಟರು. ಹುಡುಗ ಲೋಟ ಹಿಡಿದು ಅಂಗಳಕ್ಕೆ ಇಳಿದು ಕಾರಿನ ಹಿಂಬಾಗಿಲನ್ನು ಕೈಯಿಂದ ಸವರಿ ನೋಡಿದ. ಪೆಟ್ಟಿನ ಗುರುತು ಸಿಗಲಿಲ್ಲ. ಗುರುವಾಯನಕೆರೆಯಲ್ಲಿ ಅವನು ಚಾಚಿದ ಎರಡು ಸಾವಿರವನ್ನು ಅಂದು ಕರುಣೆಯಿಂದಲೇ ತೆಗೆದುಕೊಂಡಿದ್ದರೆ ಮಾಸ್ತರರು ನಲವತ್ತೊಂಬತ್ತು ಸಾವಿರ ಕಳೆದುಕೊಳ್ಳುತ್ತಿದ್ದರು, ಅವನು ತನ್ನ ಸಂಬಳದ ಒಂದು ಪಾಲನ್ನು ಕಳೆದುಕೊಳ್ಳುತ್ತಿದ್ದ. ಎಲ್ಲವನ್ನೂ ಬರೆದಿಟ್ಟುದರಿಂದ ಹೊರೆ ಹೊರಬೇಕಾದವರ ಹೆಗಲಿಗೆ ಹೋಯಿತು. ಹುಡುಗನ ಎರಡು ಸಾವಿರ ಅವನ ಕಿಸೆಯಲ್ಲಿಯೇ ಉಳಿಯಿತು.